ನಾಲಬಂದನ ಮಗ

ಎರಡು ಹಸಿರು. ಮೂರನೇ ದೀಪ ಹತ್ತಲಿಲ್ಲ.
ಸರಡಗಿ ತೊಗರಿ ಹೊಲದ ಮ್ಯಾಲ
ನೀಲಾಂಬಿಕಾ ಎಣ್ಣಿ ಸುಡಕೋತ ಸುತ್ತಿದಳು.
ಕೆಳಗ ನಾವು ಕುತಿಗಿ ಎತ್ತಿ ನಿಂತವರು;
ಬೆಂಕಿಗಾಡಿ ಡ್ರೈವರಗ ತಿಕ್ಕಿದ ತಂಬಾಕ
ಅಂಗೈಯಾಗೇ ಉಳೀತು.

ಬಲಗಾಲಿನ ಮ್ಯಾಲ ಇಳಿದಳು.
ರೆಕ್ಕಿ ಕೆಳಗಿನ ಗಾಳಿ ತೀರೂತನ
ಎಡಗಾಲು ಊರಗೊಡಲಿಲ್ಲ.
ಆಮ್ಯಾಲ ಅದು ಮಡಚಿತು, ಅಷ್ಟೇ.
ಕಿಡಿ, ಒಂದು ಸುತ್ತು, ಧೂಳು.
ಬಾಗಿಲ ತೆಗೆದು ಕೇಳಿದ್ದು ಇಷ್ಟು:
“ಕಾಕಾ, ಭಾಳ ಪೆಟ್ಟಾತೇನ್ರಿ ಇದಕ್ಕ?”

ಅಬ್ಬಾ ಎತ್ತು ಕೆಡವಿ ನಾಲ ಬಡೀತಿದ್ದ.
ನಾನು ಇದನ್ನ ಜಾಕಿಗೆ ಎತ್ತಿ ನಿಲ್ಲಿಸೀನಿ,
ಕಾಲು ಗಾಳ್ಯಾಗ.
ಸಿಕ್ಕದ್ದು: ಕಿರುಬೆರಳಷ್ಟು ಸ್ಪ್ರಿಂಗು, ಎರಡು ತುಂಡು,
ಮುರಿದಲ್ಲಿ ಅರ್ಧ ಹೊಳಪು, ಅರ್ಧ ಹಳೇ ತುಕ್ಕು.
ಹಳೇ ತುಕ್ಕು ಅಂದ್ರ
ಹೋದ ತಪಾಸಣಿ ದಿನಾನೂ ಅಲ್ಲಿ ಬಿರುಕಿತ್ತು.
ಪುಸ್ತಕದಾಗ ನನ್ನ ಸಹಿ ಅದ, ದುಂಡಗ.

ಹೊಸದು ಹಾಕಿ ಮೂವತ್ತು ಸಲ ಮಡಚಿಸಿದೆ, ಬಿಡಿಸಿದೆ.
ಮೂವತ್ತು ಸಲಾನೂ ಹಸಿರು.
ಪೆನ್ನು ಕಿಸೇದಾಗೇ ಅದ.
ತುಂಡೆರಡೂ ಚಿಂದ್ಯಾಗ ಸುತ್ತಿಟ್ಟೀನಿ.
ನಾಳೆ ಮುಂಜಾನೆ ಬರ್ತಾಳ,
ಮೊದಲು ಅಕಿ ಕೈಯಾಗ ಇಡಬೇಕು.