ಮೆತ್ತೆ ಮುಗಿಯುವಲ್ಲಿ

ದುರ್ಗಿಗುಡಿಯ ಅಡ್ಡರಸ್ತೆ, ಝೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ
ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು,
ತಲೆಯೆತ್ತಿದರೆ ಹಣೆ ಬಡಿಯುವ ಸೂರು.
ದಸ್ತಗೀರ್ ಸಾಬರು ಬ್ಯಾಗನ್ನು ನೋಡಲೇ ಇಲ್ಲ,
ಪಟ್ಟಿಯನ್ನಷ್ಟೇ ಮಗುಚಿ ಅಂದರು:
"ಎಡಗಡೆ ಹೆಗಲಿನವರು ನೀವು."

ಹೌದು. ಬಲಗೈಗೆ ಬೇರೆ ಕೆಲಸವಿದೆ.
ಗೇಟು ತೆಗೆಯಬೇಕು, ಮೀಟರಿನ ಗಾಜು ಒರೆಸಬೇಕು,
ನಾಯಿ ಬಂದರೆ ಬಗ್ಗಿ ಕಲ್ಲೆತ್ತುವ ನಟನೆ ಮಾಡಬೇಕು.
ಎಡ ಹೆಗಲಿಗೆ ಬಿಲ್ಲಿನ ಮಷೀನು, ಹನ್ನೆರಡು ಕಾಗದದ ಸುರುಳಿ,
ಟಾರ್ಚು, ನೀರು, ಅವಲಕ್ಕಿಯ ಡಬ್ಬಿ,
ಮತ್ತೆ ವಿನೋಬನಗರದ ಅಷ್ಟೂ ಮನೆಗಳ
"ಹೋದ ತಿಂಗಳು ಇಷ್ಟು ಬಂದಿರ್ಲಿಲ್ಲ ಕಣಮ್ಮ."
ಆರು ವರ್ಷ.

ಕೊಳ್ಳುವಾಗ ಗಾಂಧಿ ಬಜಾರಿನ ಹುಡುಗ ಪಟ್ಟಿ ಹಿಂಡಿ ತೋರಿಸಿದ್ದ:
"ಹೂವಿನ ಥರ ಇದೆ ಮೇಡಂ, ಭಾರವೇ ಗೊತ್ತಾಗಲ್ಲ."
ಭಾರ ಮೊದಲ ದಿನವೇ ಗೊತ್ತಾಯಿತು.
ಗೊತ್ತಾಗದೇ ಹೋದದ್ದು ಮೆತ್ತೆ,
ಯಾವ ತಿಂಗಳು, ಯಾವ ಬೀದಿಯಲ್ಲಿ ಅದು
ಮೆತ್ತಗಿರುವುದನ್ನು ಬಿಟ್ಟಿತೋ.

"ಕಿತ್ತಿದ್ದು ಎಲ್ಲಿ ನೋಡಿ," ಅಂದರು ಸಾಬರು.
"ಮೆತ್ತೆ ಇರೋ ಕಡೆ ಯಾವ ಪಟ್ಟಿನೂ ಹರಿಯಲ್ಲ.
ಮೆತ್ತೆ ಮುಗಿಯೋ ಕಡೆ ಹರಿಯತ್ತೆ.
ಹೆಗಲಿಗೆ ಕೊಟ್ಟ ಸುಖ ಎಲ್ಲ
ಈ ನಾಲ್ಕು ಹೊಲಿಗೆ ಮೇಲೆ ಬಿದ್ದಿರತ್ತೆ.
ಕಂಪನಿಯವನು ಒಂದೇ ಸಲ ಓಡಿಸಿ ಬಿಟ್ಟಿದಾನೆ,
ನಾನಾದ್ರೆ ಚೌಕ ಹಾಕಿ, ಚೌಕದೊಳಗೆ ಇಂಟು ಮಾರ್ಕು ಹಾಕ್ತೀನಿ."

ಬ್ಲೇಡಿನಿಂದ ಅಂಚು ಬಿಚ್ಚಿ ಕೊಡವಿದರು.
ಪೇಪರಿನ ಮೇಲೆ ಹಳದಿ ಪುಡಿ,
ಕಡಲೆಹಿಟ್ಟು ಜರಡಿ ಹಿಡಿದ ಹಾಗೆ.
ಉಳಿದದ್ದೊಂದು ಚೂರು, ನೀರುದೋಸೆಗಿಂತ ತೆಳ್ಳಗೆ,
ನಡುವೆ ನನ್ನ ಹೆಗಲ ಮೂಳೆಯ ಗುಳಿ.
ಅಂಚಿನ ಬಟ್ಟೆಗೆ ಒಗೆದರೂ ಹೋಗದ ಬೆವರಿನ ಉಪ್ಪು, ಗೆರೆಯ ಮೇಲೆ ಗೆರೆ.
"ಬೇಸಿಗೆಗೊಂದು," ಅಂದರು. ನಾನು ಎಣಿಸಲಿಲ್ಲ.

ಹೊಸ ಸ್ಪಂಜಿಗೆ ಅವರದೊಂದು ಪರೀಕ್ಷೆ:
ಹೆಬ್ಬೆರಳಲ್ಲಿ ಒತ್ತು, ಬಿಡು, ಎಣಿಸು.
"ಒಂದು ಅನ್ನೋದ್ರೊಳಗೆ ಎದ್ದರೆ ನಾಲ್ಕು ವರ್ಷ ಗ್ಯಾರಂಟಿ.
ಎರಡಕ್ಕೆ ಎದ್ದರೆ ಶಾಲೆ ಮಕ್ಕಳಿಗೆ, ಹೆಂಗೂ ವರ್ಷಕ್ಕೊಂದು ಕೇಳ್ತಾವೆ.
ಮೂರಾದ್ರೂ ಏಳಲಿಲ್ಲ ಅಂದ್ರೆ ದಿಂಬಿಗೆ."
ಹಳೆಯದರ ಮೇಲೆ ನಾನೂ ಒತ್ತಿದೆ.
ಒಂದು. ಎರಡು. ಮೂರು. ನಾಲ್ಕು.
ಸಾಬರು ಸೂಜಿಗೆ ದಾರ ಪೋಣಿಸುತ್ತಿದ್ದರು.

ಮೆಗ್ಗಾನ್ ಆಸ್ಪತ್ರೆ, ಎರಡನೇ ಮಹಡಿ,
ಎಳೆ ವಯಸ್ಸಿನ ಡಾಕ್ಟರು ಅಮ್ಮನ ಕಣಕಾಲಿಗೆ
ಹೀಗೇ ಹೆಬ್ಬೆರಳೊತ್ತಿ, ಬಿಟ್ಟು, ಎಣಿಸಿದ್ದಳು, ತುಟಿ ಅಲುಗದೆ.
ಗುಳಿ ಹಾಗೇ ಉಳಿಯಿತು.
ಅಮ್ಮನೇ ಬಗ್ಗಿ ನೋಡಿ ನಕ್ಕಳು:
"ಹಿಟ್ಟು ನಾದಿದ್ದು ಸಾಕಾಗಿಲ್ಲ."
ಇಪ್ಪತ್ತೆರಡು ವರ್ಷ ಇಟ್ಟಿಗೆ ಗೂಡಿನಲ್ಲಿ
ತಲೆಗೆ ಸಿಂಬೆ ಇಟ್ಟು ಹೊತ್ತವಳು.
ಸಿಂಬೆಯೆಂದರೆ ಹಳೇ ಸೀರೆಯ ಸುತ್ತು, ಒಳಗೆ ಏನೂ ಇಲ್ಲ.
ದಿನಾ ಬೆಳಿಗ್ಗೆ ಬಿಚ್ಚಿ, ಕೊಡವಿ, ಮತ್ತೆ ಸುತ್ತುತ್ತಿದ್ದಳು.
ಅದಕ್ಕೆ ಗುಳಿ ಬೀಳಲೇ ಇಲ್ಲ.

ಇದನ್ನೆಲ್ಲ ಸಾಬರಿಗೆ ಹೇಳಲಿಲ್ಲ.
"ಎಷ್ಟಾಯ್ತು?"
"ನೂರಿಪ್ಪತ್ತು. ಎರಡು ವಾರ ಬಿಗಿ ಅನ್ನಿಸತ್ತೆ, ಬೈಬೇಡಿ.
ಆಗೀಗ ಬಲಕ್ಕೂ ಹಾಕ್ಕೊಳ್ಳಿ."
ಪುಡಿಯ ಪೇಪರು ಮಡಚಿ ಮೋರಿಗೆ ಕೊಡವಿದರು,
ಅದೇ ಪೇಪರು ಮತ್ತೆ ಮಂಡಿಯ ಮೇಲೆ.

ಸೋಮವಾರ. ಗೋಪಾಳದ ಮೂರನೇ ತಿರುವು.
ಬ್ಯಾಗು ಬಲಕ್ಕಿದೆ. ನಾಯಿ ಬಂತು.
ಬಗ್ಗಿದೆ; ಎಡಗೈಗೆ ಕಲ್ಲಿನ ನಟನೆ ಬರಲಿಲ್ಲ.
ನಾಯಿಗೂ ಅದು ಗೊತ್ತಾಗಿ, ಸುಮ್ಮನೆ ನಿಂತು ನೋಡಿತು.
ಖಾಲಿ ಎಡ ಹೆಗಲು, ಏನನ್ನೋ ಮರೆತು ಬಂದ ಹಾಗೆ
ಮೇಲೆದ್ದೇ ನಿಂತಿದೆ.
ಕುರ್ತಾದ ಹೊಲಿಗೆಯ ಪಕ್ಕ ಹೆಬ್ಬೆರಳೊತ್ತಿ, ಬಿಟ್ಟೆ.
ಗೇಟಿನೊಳಗಿಂದ ಯಾರೋ: "ರೀಡಿಂಗ್ ಎಷ್ಟಾಯ್ತಮ್ಮಾ?"
"ತಡೀರಿ," ಅಂದೆ, "ಎಣಿಸ್ತಾ ಇದೀನಿ."