ಎರಡು ಮಾರು ಆಳದ ಹಿತ್ತಲು

ಎರಡೇ ನಿಮಿಷದ ಕೆಲಸ, ಅಂದಳು ನರ್ಸ್.
ನನ್ನ ಹಳೆಯ ಒಂದು ಉಸಿರಿಗಿಂತ ಸ್ವಲ್ಪ ಹೆಚ್ಚು.
ಅಷ್ಟರಲ್ಲಿ ನಾನು
ಬಂಡೆಯ ಸಂದಿಗೆ ಕೈ ತೂರಿಸಿ
ಒಂದು ಅವಾಬಿ ಚಿಪ್ಪು ಎಬ್ಬಿ, ಇನ್ನೊಂದರ ಜಾಗ ಗುರುತಿಟ್ಟು
ಮೇಲೆ ಬಂದು
ಹಲ್ಲಿನ ನಡುವೆ ಸಿಳ್ಳೆಯಂತೆ ಉಸಿರು ಬಿಡುತ್ತಿದ್ದೆ.

ಈಗ ಒರಗು ಕುರ್ಚಿ.
ಯೊಕೊಸುಕಾದ ಆಸ್ಪತ್ರೆ, ನಾಲ್ಕನೇ ಮಹಡಿ,
ಕಿಟಕಿಯಲ್ಲಿ ಸಮುದ್ರ ಬೆರಳಗಲ.
ಸಣ್ಣ ಸೀಸೆಯಲ್ಲಿ ಮದ್ದು, ನೀರಿನಷ್ಟೇ ತಿಳಿ.

ಔಷಧ ತಂದ ಹುಡುಗ ಅಜಿಸಾಕಾ,
ಮೀಸೆ ಇನ್ನೂ ಯೋಚನೆಯಲ್ಲೇ ಇದೆ,
ಹಾಳೆ ನೋಡಿ ಊರು ಕೇಳಿದ.
ಮಿಸಾಕಿ ದಾಟಿ, ಸೇತುವೆಯ ಆಚೆ, ಜೋಗಶಿಮಾ, ಅಂದೆ.
ಅವನ ಕಣ್ಣರಳಿತು:
'ಇತ್ಸುಯೊ ಅಜ್ಜಿ, ಇದರ ತವರೂ ನಿಮ್ಮ ಕಡೆಯೇ.
ಕರಿ ಸ್ಪಂಜು. ನೋಡಿರಬೇಕಲ್ಲ?'

ನೋಡಿರಬೇಕಲ್ಲ!
ಬಂಡೆಗೆ ಮೆತ್ತಿದ ಡಾಂಬರಿನಂತೆ ನೀನು,
ಮೈತುಂಬ ಪುಟ್ಟ ಗುಡ್ಡ, ಗುಡ್ಡದ ನೆತ್ತಿಗೊಂದು ತೂತು.
ಐವತ್ತು ವರ್ಷ ತುಳಿದಿದ್ದೇನೆ,
ದಾರಿಗಡ್ಡ ಬಂದಾಗ ಕಬ್ಬಿಣದಿಂದ ಕೆರೆದು ಎಸೆದಿದ್ದೇನೆ.
ಮುಳುಗುವುದು ಕಲಿಸಿದ ಮಿನೆಯಕ್ಕ ಹೇಳಿದ್ದಳು:
'ಅದಕ್ಕೆ ಮೀನೂ ಬಾಯಿ ಹಾಕದು,
ನೀನು ಕೈ ಹಾಕಬೇಡ. ಯಾವುದಕ್ಕೂ ಬಾರದ್ದು.'

ಹಿತ್ತಲ ಗಿಡ ಮದ್ದಲ್ಲ.
ನನ್ನ ಹಿತ್ತಲು ಎರಡು ಮಾರು ಆಳ.

ಆರುನೂರು ಕಿಲೋ, ಅಂದ ಹುಡುಗ.
ಅಷ್ಟನ್ನು ಅರೆದು, ಸೋಸಿ, ಮತ್ತೆ ಸೋಸಿ
ಕೊನೆಗೆ ಉಳಿದದ್ದು ಉಗುರ ತುದಿಯಲ್ಲಿ ನಿಲ್ಲುವಷ್ಟು.
ಅದನ್ನು ನೋಡಿ ನೋಡಿ, ಬೇಕಾದ ಅರ್ಧ ಇಟ್ಟುಕೊಂಡು
ಈಗ ಕಾರ್ಖಾನೆಯಲ್ಲೇ ಹೊಲಿಯುತ್ತಾರೆ,
ಅರವತ್ತಕ್ಕೂ ಮಿಕ್ಕಿದ ಹೊಲಿಗೆ.
ಸಮುದ್ರದಿಂದ ಒಂದು ಚೂರೂ ಬೇಡ.

ಆರುನೂರು ಕಿಲೋ ಹೊತ್ತವರು ಯಾರು?
ಗೊತ್ತಿಲ್ಲ, ಅಂದ, ಕಾಗದದಲ್ಲಿ ಆ ಹೆಸರಿಲ್ಲ.
ನಾನಲ್ಲ.
ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಗಂಟಿನ ಕಣಗಳು ಒಂದು ಎರಡಾಗುವಾಗ
ಒಳಗೊಳಗೇ ನೂಲು ಎಳೆಯುತ್ತವಂತೆ.
ಮದ್ದು ಹೋಗಿ ಆ ನೂಲಿನ ತುದಿಗೆ ಕೂರುತ್ತದೆ.
ನೂಲು ಬೆಳೆಯದು, ಕಣ ಒಡೆಯದು,
ಕಾದು ಕಾದು ಸಾಯುತ್ತದೆ.
ಓಡಲಾಗದವಳು ಕಂಡುಕೊಂಡ ವಿಷ.
ಅರ್ಥವಾಯಿತು ನನಗೆ,
ಬಾಯಿಗೆ ಬಂದವರನ್ನು ಹೇಗೆ ನಿಲ್ಲಿಸಬೇಕೆಂದು
ನಮ್ಮ ಮೀನು ಮಾರುಕಟ್ಟೆಯ ಹೆಂಗಸರಿಗೂ ಗೊತ್ತು.

ಆದರೆ ಮೂರನೇ ಸುತ್ತಿಗೆ ನನ್ನ ಬೆರಳು ಸತ್ತವು.
ಅಂಗಿಯ ಗುಂಡಿ ಜಾರುತ್ತದೆ,
ಅಕ್ಕಿ ತೊಳೆದರೆ ಅಕ್ಕಿಯೋ ಮರಳೋ ತಿಳಿಯದು.
ಕೆಸರೆದ್ದ ನೀರಿನಲ್ಲಿ ಚಿಪ್ಪಿನ ಅಂಚು ಮುಟ್ಟಿ
ಇದು ಮೂರು ವರ್ಷದ್ದು, ಬಿಡು, ಬೆಳೆಯಲಿ
ಎನ್ನುತ್ತಿದ್ದ ಬೆರಳುಗಳು.
ಕೆರೆದದ್ದಕ್ಕೆ ಲೆಕ್ಕ ತೀರಿಸಿಕೊಂಡೆಯಾ?
ಎಲ್ಲಿಯ ಲೆಕ್ಕ.
ನಿನಗೆ ಕಣ್ಣಿಲ್ಲ, ತಲೆಯಿಲ್ಲ, ಎದೆಯಿಲ್ಲ.
(ನನಗೂ ಒಂದು ಇಲ್ಲ.)
ನೀರು ಕುಡಿಯುತ್ತೀಯ, ನೀರು ಬಿಡುತ್ತೀಯ,
ನಿನ್ನ ದಿನಚರಿ ಅಷ್ಟೇ.

ನೀರಿಳಿದ ದಿನ ತಂಗಿಯ ಮಗಳು ಸುಜುನೊ
ಕಾರಿನಲ್ಲಿ ದಂಡೆಗೆ ಕರೆತಂದಳು,
ಬಿದ್ದೀಯ ಹುಷಾರು ಅಂತ ಹಿಂದಿನಿಂದಲೇ ಬಯ್ಯುತ್ತ.
ಬೋಳು ತಲೆಗೆ ಅದೇ ಹಳೆಯ ಬಿಳಿ ವಸ್ತ್ರ ಸುತ್ತಿ
ಕುಕ್ಕರುಗಾಲಲ್ಲಿ ಕೂತೆ.
ಇದ್ದೆ ನೀನು.
ಕೈಯಿಟ್ಟೆ. ಬಿಸಿಯೋ ತಣ್ಣಗೋ,
ಬೆರಳು ಏನೂ ಹೇಳಲಿಲ್ಲ.
ತೋಳು ಮಡಿಸಿ, ಕೂಸಿನ ಸ್ನಾನದ ನೀರು ನೋಡುವ ಹಾಗೆ
ಮೊಣಕೈ ತಾಗಿಸಿದೆ.
ತಣ್ಣಗೆ, ಬೆಣ್ಣೆಯ ಹಾಗೆ.
ಒಂದು ತೂತಿನ ಬಳಿ ನೀರು ಮಿಸುಕಿತು.
ಅಥವಾ ಗಾಳಿ ಇರಬೇಕು.

ಸ್ಕ್ಯಾನ್ ಹದಿನೇಳಕ್ಕೆ.
ಏಳು, ನೀರು ಏರುತ್ತಿದೆ, ಅಂದಳು ಸುಜುನೊ.
ಏಳಲು ಆಸರೆ ಬೇಕಿತ್ತು, ಕೈ ಚಾಚಿದೆ.
ನಿನ್ನನ್ನು ಬಿಟ್ಟು
ಪಕ್ಕದ ಕಲ್ಲು ಹಿಡಿದೆ.