ಯಾವ ಬಳಿ?

ಗುದೈಬಿಯಾದ ಕ್ಲಿನಿಕ್ಕಿನಲ್ಲಿ ಸುಡಾನಿನ ಡಾಕ್ಟರಮ್ಮ
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಕೇಳಿದರು:
ಮನೆಯಲ್ಲಿ ಮತ್ತೆ ಯಾರಿಗಿತ್ತು?

ಊರಲ್ಲಿ ಮದುವೆ ಮಾತಿಗೆ ಬಂದವರು
ಬೆಲ್ಲ ನೀರು ಕುಡಿದು ಬಾಯೊರೆಸಿ ಕೇಳುವುದೂ ಇದೇ ತಾನೆ,
ನಿಮ್ಮದು ಯಾವ ಬಳಿ?
ತಿಂಗಳಾಯ, ಎನ್ನುತ್ತಿದ್ದೆವು. ತಾಯಿಯಿಂದ ಬಂದದ್ದು.
ನಮ್ಮಲ್ಲಿ ಅಪ್ಪಂದಿರು ದೋಣಿಯ ಹಾಗೆ, ಬಂದು ಹೋಗುವವರು;
ದಡ ಹೆಂಗಸರದ್ದು.
ತಿಂಗಳ ಹೆಸರು ಹೊತ್ತವರಿಗೆ ಬಿಸಿಲು ಆಗದಿದ್ದರೆ
ಅದರಲ್ಲೇನು ವಿಶೇಷ ಎಂದು
ಒಂಬತ್ತು ವರ್ಷ ನಾನೇ ತಮಾಷೆ ಮಾಡಿದ್ದೇನೆ.

ಒಂಬತ್ತು ವರ್ಷ ಈ ದ್ವೀಪದಲ್ಲಿ
ಒಂದು ಕಟ್ಟಡದ ನೆರಳಿಂದ ಇನ್ನೊಂದರ ನೆರಳಿಗೆ
ಏಡಿಯ ಹಾಗೆ ಅಡ್ಡಡ್ಡ ನಡೆದಿದ್ದೇನೆ.
ಲೂಪಸ್. ಕೆಳಗಿನ ಕೋಲ್ಡ್ ಸ್ಟೋರಿನ ಹುಡುಗನಿಗೂ ಗೊತ್ತು;
ಮೊಸರು, ಕುಬೂಸ್ ಅವನೇ ಮೇಲೆ ತರುತ್ತಾನೆ,
ಮಗ್ರಿಬ್ ಬಾಂಗಿಗೆ ಮೊದಲು ಈ ಚೇಚಿ ಇಳಿಯುವುದಿಲ್ಲ.

ಈಗ ಹೊಸ ಕಾಗದ. ಟಿಎಸ್ಎಚ್ ಹದಿನೆಂಟು.
ಥೈರಾಯ್ಡ್ ಸೋಲುತ್ತಿದೆ ಎಂದರು.
ನಾಲ್ಕು ತಿಂಗಳಿಂದ ಸುಸ್ತು ಎಂದು ನಾನು ಕರೆದದ್ದಕ್ಕೆ
ಇನ್ನೊಂದು ಹೆಸರು.

ಇವೆರಡಕ್ಕೂ ಹಳೆಯ ನಂಟು, ಅಂದರು.
ಆರನೆಯ ವರ್ಣತಂತುವಿನಲ್ಲಿ ಒಂದು ಓಣಿ,
ಮನೆಯವರು ಯಾರು, ಹೊರಗಿನವರು ಯಾರು
ಎಂಬ ಲೆಕ್ಕ ಬರೆದಿಟ್ಟ ಓಣಿ.
ಅಲ್ಲೊಂದು ಅಕ್ಷರ ಬೇರೆಯಾದರೆ
ಕಾವಲಿನವರು ಮನೆಯವರನ್ನೇ ತಡೆದು
ಸಿಪಿಆರ್ ಕಾರ್ಡು ಕೇಳುತ್ತಾರೆ:
ಒಬ್ಬಳಲ್ಲಿ ಚರ್ಮವನ್ನು, ಕೀಲನ್ನು,
ಇನ್ನೊಬ್ಬಳಲ್ಲಿ ಕೊರಳನ್ನು,
ಕೆಲವರಲ್ಲಿ ಎರಡನ್ನೂ.
ಎಷ್ಟೋ ಜನರಲ್ಲಿ ಏನೂ ಆಗುವುದಿಲ್ಲ, ಅಂತಲೂ ಅಂದರು.
ವಾಲಿಕೆ ಅಷ್ಟೆ. ಹಣೆಬರಹ ಅಲ್ಲ.

ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ.

ಅಕ್ಕು ಅಜ್ಜಿ.
ಉಚ್ಚಿಲದಿಂದ ಬೆಳಪುವಿಗೆ ತಲೆ ಮೇಲೆ ಬುಟ್ಟಿ,
ಮೂಗಿನ ಎರಡೂ ಬದಿ ಕೆಂಪು.
ಬಂಗುಡೆಯ ನಂಜು ಎಂದರು, ಬೇವು ಅರೆದು ಹಚ್ಚಿದರು.
ಬಸಿರು ಏಳು, ಉಳಿದದ್ದು ಮೂರು.
ನಲವತ್ತಕ್ಕೆ ಕಾಲು ಊದಿ ಹೋದಳು.
ಡಾಕ್ಟರಮ್ಮ ಸೊನ್ನೆಯನ್ನು ಅರ್ಧ ಕಪ್ಪು ಮಾಡಿದರು.
ಇರಬಹುದು.

ಅಮ್ಮ?

ಅಮ್ಮನಿಗೆ ಉದಾಸೀನ.
ಹಾಗಂತ ಎಲ್ಲರೂ ಅಂದರು. ಮಾವ, ನೆರೆಕರೆ,
ಹದಿನಾರರ ನಾನು ಎಲ್ಲರಿಗಿಂತ ಜೋರಾಗಿ.
ಮೀನು ಕೊಯ್ಯುತ್ತ ಕತ್ತಿಯ ಮುಂದೆಯೇ ತೂಕಡಿಸುವವಳು,
ಏಪ್ರಿಲಿನ ಸೆಕೆಯಲ್ಲಿ ಕಂಬಳಿ ಕೇಳುವವಳು,
ಬಾಚಣಿಗೆ ತುಂಬ ಕೂದಲು,
ಗಂಡಸಿನ ಹಾಗೆ ಒಡೆದ ದನಿ.
ಇದನ್ನೆಲ್ಲ ಹೇಗೆ ಹೇಳುವುದು? ಲೇಜಿ, ಅಂದೆ.
ಅವರು ತಲೆ ಎತ್ತಲಿಲ್ಲ. ಕೊರಳು ಊದಿತ್ತೇ?

ಕರಿಮಣಿ ಬಿಗಿಯಾಗುತ್ತದೆಂದು
ಅಕ್ಕಸಾಲಿಯ ಹತ್ತಿರ ಎರಡು ಸಲ ಉದ್ದ ಮಾಡಿಸಿದ್ದಳು.
ಚಿನ್ನ ಸಾಲದೆ ಎರಡನೆಯ ಸಲ ನೂಲು ಸೇರಿಸಿದ್ದು.

ಆ ಸೊನ್ನೆಯನ್ನು ಪೂರ್ತಿ ತುಂಬಿಸಿದರು.
ಪೆನ್ನಿನ ಸದ್ದು ಕೇಳುವಷ್ಟು ಹೊತ್ತು ಹಿಡಿಯಿತು.

ಕೊನೆಯ ಸಾಲಿನಲ್ಲಿ ಮಗಳದ್ದು. ಖಾಲಿ ಬಿಟ್ಟರು.
ರಾತ್ರಿ ಪ್ರಾಪ್ತಿ ಕಾಗದವನ್ನು ಅಡ್ಡ ಹಿಡಿದು,
ಇದೇನಮ್ಮ, ಬಲೆಯಾ? ಅಂದಳು.
ಕಡಲನ್ನು ಕಾರಿನ ಕಿಟಕಿಯಿಂದ ಮಾತ್ರ ಕಂಡ ಹುಡುಗಿ.
ಹೂಂ ಅಂದೆ. ಇನ್ನೂ ಹೆಣೆಯುತ್ತಿದ್ದಾರೆ.

ಬೆಳಗಿನ ಐದಕ್ಕೆ ಖಾಲಿ ಹೊಟ್ಟೆಗೆ ಬಿಳಿ ಮಾತ್ರೆ,
ಚಾ ಕುಡಿಯಲು ಅರ್ಧ ಗಂಟೆ ಕಾಯಬೇಕು.
ಹೊರಗೆ ಇನ್ನೂ ಬಿಸಿಲಿಲ್ಲ, ಪರದೆ ಸರಿಸಬಹುದು.
ಪಾತ್ರೆ ಮುಟ್ಟುವುದಿಲ್ಲ, ಫೋನು ಮುಟ್ಟುವುದಿಲ್ಲ.
ಅಮ್ಮ ಕೂರುತ್ತಿದ್ದ ಹಾಗೆ ಗೋಡೆಗೆ ಒರಗಿ
ಸುಮ್ಮನೆ ಕೂರುತ್ತೇನೆ.
ಯಾರೂ ಏನೂ ಅನ್ನುವುದಿಲ್ಲ.